ತರ್ಕಶಾಸ್ತ್ರದ ಮೊದಲ ಫಾರಂ

ಆ ಕಾಲೇಜಿನ ಪ್ರಿನ್ಸಿಪಾಲರು ತರ್ಕಶಾಸ್ತ್ರ ಪಾಠ ಮಾಡುತ್ತಿದ್ದರು. ಹೋದ ವರ್ಷ ಅದನ್ನು ಕೇಳಲು ಬಂದವರು ಮೂರೇ ಜನ. ಹೊಸ ಮಕ್ಕಳ ಸ್ವಾಗತಕ್ಕೆ ಒಂದು ದಿನ ಇದೆ ಎನ್ನುವಾಗ ಅವರು ಗುಮಾಸ್ತೆ ಪುಟ್ಟಗೌರಮ್ಮನನ್ನು ಕರೆಸಿದರು.

"ನಾಳೆ ವಿಷಯ ಆರಿಸೋ ಫಾರಂ ಕೊಡ್ತೀವಲ್ಲ, ಎಲ್ಲದರಲ್ಲೂ ತರ್ಕಶಾಸ್ತ್ರಕ್ಕೆ ನೀನೇ ಗುರುತು ಹಾಕಿಡು. ಅವರು ಸಹಿ ಹಾಕಿದರೆ ಸಾಕು."

"ಮಕ್ಕಳನ್ನ ಒಂದು ಮಾತು ಕೇಳೋದು ಬೇಡ್ವಾ ಸಾರ್?"

"ಆ ಚಿಳ್ಳೆಪಿಳ್ಳೆಗಳಿಗೇನು ಗೊತ್ತು? ಹೊಸಬರು ಅಂದರೆ ಎಲ್ಲರಿಗೂ ಹಾಕು. ಒಂದು ತಪ್ಪಿದರೂ ನಿನಗಿಲ್ಲಿ ಕೆಲಸ ಇಲ್ಲ!"

ಪುಟ್ಟಗೌರಮ್ಮ ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು. ಮಕ್ಕಳ ಹೆಸರು ಬರೆದಿಟ್ಟಿದ್ದ ಅಷ್ಟು ಫಾರಂಗಳಲ್ಲಿ ಒಂದೇ ಒಂದಕ್ಕೆ ಗುರುತು ಹಾಕಿದಳು.

ಮರುದಿನ ಸಭಾಂಗಣದಲ್ಲಿ ಮಕ್ಕಳು, ಹೆತ್ತವರು ಕಿಕ್ಕಿರಿದಿದ್ದರು. ಮೊದಲ ಫಾರಂ ಅನ್ನು ಪ್ರಿನ್ಸಿಪಾಲರೇ ಮೈಕಿನಲ್ಲಿ ಓದಿ ಕೊಡುವುದು ಅಲ್ಲಿನ ವಾಡಿಕೆ. ಪುಟ್ಟಗೌರಮ್ಮ ಅದನ್ನು ಹೂವಿನ ತಟ್ಟೆಯಲ್ಲಿಟ್ಟು ತಂದಳು.

"ವೈಜಯಂತಿ, ತರ್ಕಶಾಸ್ತ್ರ..." ಎಂದವರೇ ಪ್ರಿನ್ಸಿಪಾಲ ಸಾಹೇಬರು ಗಕ್ಕನೆ ನಿಂತರು. ಅದು ಅವರ ಮಗಳ ಹೆಸರು! "ಏಯ್, ಇವಳು ಮನಃಶಾಸ್ತ್ರ ತಗೊಳ್ಳೋಳು! ಅವಳನ್ನ ಕೇಳದೆ ಯಾಕೆ ಗುರುತು ಹಾಕಿದೆ?"

ಮೈಕು ಅದನ್ನೂ ಊರಿಗೆಲ್ಲ ಸಾರಿತು.

"ಹೊಸಬರೆಲ್ಲರಿಗೂ ತರ್ಕಶಾಸ್ತ್ರ ಅಂದ್ರಿ. ತಮ್ಮ ಮಗಳು ಹೊಸಬಳು. ಆದ್ದರಿಂದ ತಮ್ಮ ಮಗಳಿಗೂ ತರ್ಕಶಾಸ್ತ್ರ. ತಾವು ಮೊದಲನೇ ದಿನ ಕಲಿಸೋ ಪಾಠ ಇದೇ ಅಲ್ವಾ ಸಾರ್? ಮಿಕ್ಕವರಿಗೂ ಹೀಗೇ ಹಾಕ್ಲಾ, ಇಲ್ಲಾ ಕೇಳಿ ಹಾಕ್ಲಾ?"

ಸಾಹೇಬರು ಬೆವರು ಒರೆಸಿಕೊಂಡರು. "ಕೇಳಮ್ಮ, ಕೇಳಿಯೇ ಹಾಕು."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಸಾರ್, ಆ ಅಮ್ಮ ಪಾಠ ಮಾಡೋದಾದ್ರೆ ನಾನು ತರ್ಕಶಾಸ್ತ್ರಾನೇ ತಗೋತೀನಿ!"