ಹನ್ನೊಂದನೆಯ ತಲೆ

“ಗುರುಗಳೇ, ಪಟ್ಟಣದ ಸಭೆಯವರು ನಮ್ಮ ಕೇರಿಯಿಂದ ನನ್ನನ್ನು ಕರೆದಿದ್ದಾರೆ. ಮಾತಾಡುವ ಹಕ್ಕನ್ನು ಆಮೇಲೆ ಕೊಡುತ್ತಾರಂತೆ. ಸದ್ಯಕ್ಕೆ ಬಂದು ಕೂತರೆ ಸಾಕಂತೆ. ಹೋಗಲೇ?” ಎಂದು ಶಿಷ್ಯ ಕೇಳಿದ. ಹೊಸ ಪಂಚೆ ಉಟ್ಟು ಬಂದಿದ್ದ.

ಗುರುಗಳು ಹೇಳಿದರು:

ಹೊಳೆಯ ಎರಡು ದಡದಲ್ಲೂ ಹರಡಿದ ಒಂದು ಊರು. ಅದನ್ನು ಆಳುವುದು ಇಪ್ಪತ್ತೊಂದು ಜನರ ಸಭೆ. ಕೇರಿಗೊಬ್ಬನನ್ನು ಜನರೇ ಆರಿಸಿ ಕಳಿಸಬೇಕು. ಆದರೆ ಬಂದವನು ಕೂರಲು ಯೋಗ್ಯನೇ ಎಂದು ತೀರ್ಮಾನಿಸುವವರು, ಆಗಲೇ ಕೂತಿರುವವರು.

ಅಂಬಿಗರ ಕೇರಿ ಒಬ್ಬ ಅಂಬಿಗನನ್ನು ಆರಿಸಿತು. ಸಭೆ ಅವನನ್ನು ಬಾಗಿಲಲ್ಲೇ ತಡೆಯಿತು. ಊರ ನೆಲದ ಮೇಲೆ ಮಲಗುವವನು ಮಾತ್ರ ಸಭಾಸದ ಎಂಬುದು ನಿಯಮ. ಇವನು ಮಲಗುವುದು ದೋಣಿಯಲ್ಲಿ. ಯಾಕೆ ಅಲ್ಲಿ ಮಲಗುತ್ತಾನೆ? ಸಭಾಸದರು ಯಾವ ಹೊತ್ತಿಗೆ ಬಂದರೂ ಕಾಯಬಾರದು, ಅಂಬಿಗ ದೋಣಿಯಲ್ಲೇ ಮಲಗಿರಬೇಕು. ಅದೂ ಅದೇ ಸಭೆಯ ನಿಯಮ. ಕೇರಿಯವರು ಹಟ ಬಿಡಲಿಲ್ಲ. ಐದು ಸಲ ಅವನನ್ನೇ ಆರಿಸಿದರು. ಐದು ಸಲವೂ ಸಭೆ ಅವನನ್ನು ಹಿಂದಕ್ಕೆ ಕಳಿಸಿತು.

ಆರನೆಯ ಸಲ ಆರಿಸಿದ ವರ್ಷ, ಒಬ್ಬ ವ್ಯಾಪಾರಿ ದಡದಲ್ಲಿ ಉಗ್ರಾಣ ಕಟ್ಟಲು ಹೊರಟ. ಅಂಬಿಗರ ಗುಡಿಸಲುಗಳನ್ನು ಕೀಳಿಸಬೇಕೆಂಬ ವಿಷಯ ಸಭೆಗೆ ಬಂತು. ಆ ಗುಡಿಸಲುಗಳಲ್ಲೊಂದರಲ್ಲಿ ಅಂಬಿಗನ ಮಗಳು ಬಾಣಂತಿ.

ಅಂದು ಹೊಳೆ ತುಂಬಿತ್ತು. ಆಚೆ ದಡದ ಬಹುಪಾಲು ಸಭಾಸದರು ಹೆದರಿ ಮನೆಯಲ್ಲೇ ಉಳಿದರು. ಮೂವರು ಮಾತ್ರ ದೋಣಿ ಹತ್ತಿದರು.

“ಏನು ಸಭಾಸದರೇ, ಸ್ವಲ್ಪ ಜೋರಾಗಿ ಹುಟ್ಟು ಹಾಕಿ. ನಿಮ್ಮ ಗುಡಿಸಲು ಕೀಳಿಸುವುದಕ್ಕೆ ಹೊತ್ತಾಯಿತು” ಎಂದು ಒಬ್ಬ ಅಣಕಿಸಿದ. ಉಳಿದಿಬ್ಬರು ನಕ್ಕರು. ಅಂಬಿಗ ಹುಟ್ಟು ಹಾಕಿದ. ದಾಟಿಸದ ಅಂಬಿಗನ ದೋಣಿ ಕಿತ್ತುಕೊಳ್ಳಬೇಕು ಎಂಬುದೂ ಒಂದು ನಿಯಮ.

ಎಣಿಸಿದರೆ ಸಭೆಯಲ್ಲಿ ಹತ್ತೇ ಜನ. ಹನ್ನೊಂದು ಜನರಿಲ್ಲದೆ ಯಾವ ತೀರ್ಮಾನವೂ ನಿಲ್ಲದು. ಕಾದು ಕೂತಿದ್ದ ವ್ಯಾಪಾರಿಯ ಮುಖ ಬಾಡಿತು. ಮೂವರನ್ನು ದಾಟಿಸಿ ಬಂದ ಅಂಬಿಗ ಬಾಗಿಲಾಚೆ ನಿಂತಿದ್ದ. ಸಭೆಯ ಕರಣಿಕ ಆ ಕಡೆ ನೋಡಿದ. “ಹೊರಗೆ ನಿಂತವನನ್ನೂ ಜನ ಆರಿಸಿದ್ದಾರಲ್ಲ. ಈ ಸಲ ಅವನ ಯೋಗ್ಯತೆಯನ್ನು ನಾವಿನ್ನೂ ವಿಚಾರಿಸಿಲ್ಲ” ಎಂದ.

ಅಂಬಿಗನನ್ನು ಒಳಗೆ ಕರೆದರು. ಚಾಪೆ ಹಾಸಿದರು. ಅವನು ಒದ್ದೆ ಕಾಲು ಒರೆಸಿಕೊಂಡು ಕೂತ. ಹನ್ನೊಂದು ಎಂದು ಕರಣಿಕ ಬರೆದುಕೊಂಡ.

“ಸ್ವಾಮಿ, ಇದು ನಮ್ಮ ಕೇರಿಯ ವಿಷಯ. ಎರಡು ಮಾತು ಆಡಲೇ?” ಎಂದು ಅಂಬಿಗ ಕೇಳಿದ.

“ಸುಮ್ಮನೆ ಕೂತುಕೊಳ್ಳಪ್ಪ” ಎಂದ ಸಭಾಪತಿ. “ನಿನ್ನ ಯೋಗ್ಯತೆ ಇನ್ನೂ ತೀರ್ಮಾನವಾಗಿಲ್ಲ. ನಿನ್ನ ತಲೆ ಎಣಿಕೆಗೆ ಬರುತ್ತದೆ. ಬಾಯಿ ಬರುವುದಿಲ್ಲ. ಕೈಯೂ ಬರುವುದಿಲ್ಲ.”

ಹತ್ತು ಕೈ ಮೇಲೆದ್ದವು. ಗುಡಿಸಲುಗಳನ್ನು ಕೀಳಿಸಬೇಕೆಂದಾಯಿತು. ಆಮೇಲೆ ಅಂಬಿಗನ ಯೋಗ್ಯತೆಯನ್ನು ವಿಚಾರಿಸಿದರು. ದೋಣಿಯಲ್ಲಿ ಮಲಗುತ್ತಾನೆ, ಅಯೋಗ್ಯ ಎಂದರು. ಚಾಪೆ ಸುತ್ತಿಟ್ಟರು. ಬಂದ ಮೂವರನ್ನು ಅವನೇ ತಿರುಗಿ ದಾಟಿಸಿದ.

ಶಿಷ್ಯನಿಗೆ ಸಿಟ್ಟು ಬಂತು. “ಎಂಥ ದಡ್ಡ! ಕೈ ಎತ್ತುವ ಮೊದಲು ಅವನು ಎದ್ದು ಹೊರಗೆ ಬಂದಿದ್ದರೆ ಹತ್ತೇ ಜನ ಉಳಿಯುತ್ತಿದ್ದರು. ಗುಡಿಸಲು ಉಳಿಯುತ್ತಿತ್ತು. ಅಷ್ಟೂ ತಿಳಿಯಲಿಲ್ಲವೇ ಅವನಿಗೆ?”

ಗುರುಗಳು ಅವನ ಹೊಸ ಪಂಚೆಯನ್ನು ನೋಡಿದರು.

“ತಿಳಿದಿತ್ತು, ಆದರೆ ಅದು ಅವನಿಗೆ ಅವರು ಹಾಸಿದ ಮೊದಲ ಚಾಪೆ.”