ಹಡಗಿನ ತಳದ ಕಲ್ಲುಗಳು

“ಗುರುಗಳೇ, ಮನೆಮಾರು ಬಿಟ್ಟು ಹಗುರಾಗಿ ಮಠಕ್ಕೆ ಬಂದೆ. ಆದರೂ ಒಬ್ಬರು ಹೊಗಳಿದರೆ ಅತ್ತ ವಾಲುತ್ತೇನೆ, ಇನ್ನೊಬ್ಬರು ತೆಗಳಿದರೆ ಇತ್ತ. ಮನಸ್ಸು ಯಾಕೆ ನೆಟ್ಟಗೆ ನಿಲ್ಲುವುದಿಲ್ಲ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಪ್ತಾನನಿದ್ದ. ಮೂವತ್ತು ವರ್ಷ ಒಂದೇ ಉಕ್ಕಿನ ಹಡಗಿನಲ್ಲಿ ಅದಿರು ಸಾಗಿಸಿದವನು. ಅದಿರು ತುಂಬಿದರೆ ಆ ಹಡಗು ತುಂಬುಬಸುರಿಯ ಹಾಗೆ ನಿಧಾನವಾಗಿ ಸಾಗುತ್ತಿತ್ತು. “ಇದೂ ಒಂದು ಬಾಳೇ!” ಎಂದು ಅವನು ಗೊಣಗದ ದಿನವಿಲ್ಲ. ಕೊನೆಗೆ ಹಡಗಿಗೆ ವಯಸ್ಸಾಯಿತು. ಅದು ಗುಜರಿಗೆ ಹೋಗುವ ಮೊದಲೇ ಒಬ್ಬ ವ್ಯಾಪಾರಿ ಕೊಂಡುಕೊಂಡು, ಪ್ರಯಾಣಿಕರ ಹಡಗು ಮಾಡಿಸಿದ. ಅದಿರಿನ ಕೆಂಪು ಧೂಳು ತೊಳೆದರು. ಪಕ್ಕಗಳಲ್ಲಿ ಕಿಟಕಿ ಕತ್ತರಿಸಿದರು, ಮೇಲೆ ಎರಡು ಅಂತಸ್ತು ಕಟ್ಟಿದರು. ಕಪ್ತಾನ ಹಿಗ್ಗಿ ಹೀರೇಕಾಯಿಯಾದ.

“ಮೇಲೆ ಭಾರ ಏರಿದೆ, ಅಡಿ ಬರಿದಾಗಿದೆ. ತಳಕ್ಕೆ ಕಲ್ಲು ತುಂಬಿಸೋಣ, ಸ್ವಾಮಿ” ಎಂದ ಕೆಲಸದ ಮೇಸ್ತ್ರಿ.

“ಮೂವತ್ತು ವರ್ಷ ಹೊತ್ತದ್ದು ಸಾಲದೇ? ಇನ್ನಾದರೂ ಹಗುರಾಗಿ ಓಡಲಿ ಬಿಡಯ್ಯಾ!” ಎಂದು ಕಪ್ತಾನ ನಕ್ಕ.

ಮೊದಲ ಯಾನದ ದಿನ ಓಲಗ, ಪಟಾಕಿ, ದಡದ ತುಂಬ ಜನ. ಹಡಗು ಬಂದರು ಬಿಟ್ಟು ಚಿಮ್ಮಿತು. ಅಷ್ಟು ಸಂತೋಷವನ್ನು ಕಪ್ತಾನ ತನ್ನ ಮದುವೆಯ ದಿನವೂ ಪಟ್ಟಿರಲಿಲ್ಲ. ಅಷ್ಟರಲ್ಲಿ ಮುನ್ನೂರು ಪ್ರಯಾಣಿಕರು ದಡದವರಿಗೆ ಕೈಬೀಸಲು ಒಂದೇ ಪಕ್ಕಕ್ಕೆ ಓಡಿದರು. ಹಡಗು ವಾಲಿತು. ವಾಲಿದ್ದು ಏಳಲಿಲ್ಲ. ಕೆಳಗಿನ ಕಿಟಕಿಗಳನ್ನು ನೀರು ಮುಟ್ಟಿತು. “ಆಚೆ ಪಕ್ಕಕ್ಕೆ ಓಡಿ!” ಎಂದು ಯಾರೋ ಕೂಗಿದರು. ಕಪ್ತಾನನಿಗೆ ಗೊತ್ತಿತ್ತು: ಎಲ್ಲರೂ ಒಟ್ಟಿಗೆ ಓಡಿದರೆ ಹಡಗು ಆ ಕಡೆಗೆ ಮಗುಚುವುದು ಖಂಡಿತ.

“ಯಾರೂ ಓಡಬೇಡಿ! ಇದ್ದಲ್ಲೇ ಕೂತುಬಿಡಿ!” ಎಂದು ಗಂಟಲು ಹರಿಯುವಂತೆ ಕಿರುಚಿದ. ಪುಣ್ಯಕ್ಕೆ ಜನ ಕೂತರು. ಒಬ್ಬೊಬ್ಬರನ್ನೇ ನಡುವಿಗೆ ಕರೆಸಿಕೊಂಡ. ಹಡಗು ಮೆಲ್ಲಗೆ ಎದ್ದಿತು.

ಬಂದರಿಗೆ ಮರಳಿದ್ದೇ ತಡ, ಕಪ್ತಾನ ಮೇಸ್ತ್ರಿಯ ಆಳುಗಳ ಜೊತೆ ತಾನೂ ಕಲ್ಲು ಹೊತ್ತ. ಆಮೇಲೆ ಆ ಹಡಗು ಇಪ್ಪತ್ತು ವರ್ಷ ಓಡಿತು. ಜನ ಎತ್ತ ಓಡಿದರೂ ಒಮ್ಮೆ ತಲೆದೂಗಿ ನೆಟ್ಟಗಾಗುತ್ತಿತ್ತು.

ಕತೆ ಮುಗಿಯುವಷ್ಟರಲ್ಲಿ ಚನ್ನವೀರ ಎದ್ದು ನಿಂತಿದ್ದ. “ತಿಳಿಯಿತು ಗುರುಗಳೇ! ನಾನೂ ಒಳಗೆ ಭಾರ ತುಂಬಿಕೊಳ್ಳಬೇಕು. ಜಪ ಹೆಚ್ಚಿಸಲೇ? ಶಾಸ್ತ್ರ ಓದಲೇ?” ಎಂದ.

“ನಡೆಯಲಾರದ ನಿನ್ನ ತಮ್ಮನನ್ನು ಮನೆಯಲ್ಲಿ ಈಗ ಯಾರು ಹೊರುತ್ತಾರೆ, ಚನ್ನವೀರ?” ಎಂದು ಗುರುಗಳು ಕೇಳಿದರು.