ಕೆಂಪು ನೀರು, ಒಗ್ಗರಣೆ ಸೌಟು

"ಗುರುಗಳೇ, ತಪ್ಪು ಯಾರದೆಂದು ಗೊತ್ತಾದ ಮೇಲೂ ಹುಡುಕುತ್ತ ಕೂರಬೇಕೆ?"

ಹೀಗೆ ಕೇಳಿದವನು ಮಠದ ಕೊಟ್ಟಿಗೆ ನೋಡಿಕೊಳ್ಳುವ ಶಿಷ್ಯ ಚನ್ನವೀರ. ಅವನ ಕೊಟ್ಟಿಗೆಯಲ್ಲಿ ಒಂದು ಕರು ಸತ್ತಿತ್ತು. ಇನ್ನೆರಡು ಮೇವು ಬಿಟ್ಟು, ಕಣ್ಣು ಕಾಣದವುಗಳ ಹಾಗೆ ಗೋಡೆಗೆ ಹಣೆಯೊತ್ತಿ ನಿಂತಿದ್ದವು. ಮಠದ ಹಿಂದೆ ಹೊಸದಾಗಿ ಶುರುವಾದ ಇಟ್ಟಿಗೆ ಗೂಡಿನ ಹೊಗೆಯೇ ಇದಕ್ಕೆ ಕಾರಣವೆಂದು ಅವನು ತೀರ್ಮಾನಿಸಿದ್ದ. ಗೂಡು ಮುಚ್ಚಿಸಬೇಕೆಂದು ಅರ್ಜಿ ಬರೆದು, ಊರವರ ಸಹಿ ಹಾಕಿಸಿ ತಂದಿದ್ದ. ಗುರುಗಳ ಸಹಿಯೊಂದು ಬಾಕಿ.

ಗುರುಗಳು ಕಾಗದ ತೆಗೆದುಕೊಳ್ಳಲಿಲ್ಲ. ಕೊಟ್ಟಿಗೆಯ ಕಡೆ ನೋಡಿದರು. ಹೋದ ತಿಂಗಳ ಗುರುಪೂಜೆಗೆಂದು ಚನ್ನವೀರ ಕರುಗಳಿಗೆ ಮೇವು ಹಾಕುವ ಮರದ ಗೋದಲಿಗೆ ಹಸಿರು ಬಣ್ಣ ಬಳಿದಿದ್ದ. ಅಟ್ಟದ ಮೇಲೆ ಎಷ್ಟೋ ವರ್ಷಗಳಿಂದ ಬಿದ್ದಿದ್ದ ಡಬ್ಬಿ, ಹಾಳಾಗುವುದೇಕೆಂದು ಇಳಿಸಿ ತಾನೇ ಕೈಯಾರೆ ಬಳಿದಿದ್ದ. ಬಂದವರೆಲ್ಲ ಹೊಗಳಿದ್ದರು.

"ಕೂತುಕೋ," ಎಂದು ಗುರುಗಳು ಹೇಳತೊಡಗಿದರು.

ಒಂದು ಕೆರೆ. ಕೆರೆಯ ದಂಡೆಯಲ್ಲಿ ಒಂದು ಊರು. ಆ ಊರಿನಲ್ಲಿ ಒಬ್ಬ ಮೀನುಗಾರನಿದ್ದ. ಒಳ್ಳೆಯ ಕೆಲಸಗಾರ, ಮೂಗಿನ ತುದಿಯಲ್ಲಿ ಕೋಪ. ಅವನಿಗೆ ಒಬ್ಬಳೇ ಮಗಳು, ಎಂಟು ವರ್ಷದವಳು. ಅಪ್ಪನ ಪಕ್ಕದಲ್ಲಿ ಕೂತು ಬಲೆಗೆ ಗಂಟು ಹಾಕುವುದರಲ್ಲಿ ಮೀನುಗಾರರ ಕೇರಿಯ ದೊಡ್ಡವರನ್ನೂ ಹಿಂದೆ ಹಾಕುತ್ತಿದ್ದಳು. ಮಗಳ ಕೈಚಳಕವನ್ನು ದಿನಕ್ಕೆ ಒಬ್ಬರಿಗಾದರೂ ಹೇಳದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಆ ಮಗಳು ಮಲಗಿಬಿಟ್ಟಳು. ಮೊದಲು ಹೊಟ್ಟೆನೋವು ಎಂದಳು. ಆಮೇಲೆ ಮುಖ ಬಿಳಿಚಿಕೊಂಡಿತು. ಕೊನೆಗೆ ಎರಡು ಕೈಗಳೂ ಮಣಿಕಟ್ಟಿನಿಂದ ಜೋತುಬಿದ್ದವು. ಚೊಂಬು ಎತ್ತಲಾರಳು, ತುತ್ತು ಕಲಸಲಾರಳು. ಕೇರಿಯಲ್ಲಿ ಅವಳೊಬ್ಬಳೇ ಅಲ್ಲ, ಮನೆಗೊಬ್ಬರಂತೆ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಅದಕ್ಕೂ ಮೊದಲಿನಿಂದಲೇ ಕೆರೆಯ ಬಾತುಕೋಳಿಗಳು ಕತ್ತು ನೆಟ್ಟಗೆ ನಿಲ್ಲಿಸಲಾರದೆ, ದಂಡೆಗೆ ಬಂದು ಸಾಯುತ್ತಿದ್ದವು.

ಕೆರೆಗೆ ನೀರು ಬರುವ ಹಳ್ಳದ ಮೇಲ್ಗಡೆ ಒಬ್ಬ ಬಣ್ಣಗಾರನಿದ್ದ. ಬೇರು ತೊಗಟೆ ಕುದಿಸಿ ನೂಲಿಗೆ ಕೆಂಪು ಬಣ್ಣ ಕಟ್ಟುವವನು. ಪರವೂರಿನಿಂದ ಬಂದವನು. ಅವನು ಬಣ್ಣ ಕುದಿಸುವ ಬಾನಿ ತೊಳೆದ ದಿನ ಹಳ್ಳದ ನೀರು ಕೆಂಪಾಗಿ ಕೆರೆಗೆ ಇಳಿಯುತ್ತಿತ್ತು. ಇನ್ನೇನು ಬೇಕು? ಊರಿಗೆ ಊರೇ ಅವನ ಕಡೆ ಬೊಟ್ಟು ಮಾಡಿತು. ಬಣ್ಣಗಾರ ಬಂದು ಆರು ವರ್ಷವಾಗಿತ್ತು, ಬಾತುಕೋಳಿ ಸಾಯತೊಡಗಿ ಎರಡೇ ವರ್ಷ. ಈ ವ್ಯತ್ಯಾಸ ಒಬ್ಬರ ತಲೆಗೂ ಹೋಗಲಿಲ್ಲ. ಕೆಂಪು ನೀರು ಕಣ್ಣಿಗೆ ಕಾಣುತ್ತಿತ್ತು, ಅಷ್ಟು ಸಾಕಾಗಿತ್ತು.

ಒಂದು ಬೆಳಗ್ಗೆ ಮೀನುಗಾರ ಗಡಾರಿ ಹಿಡಿದು ಮನೆಯಿಂದ ಹೊರಟ. ದಾರಿಯಲ್ಲಿ ಮದ್ದು ಕೊಡುವ ಅಜ್ಜಿಯ ಮನೆ. ನಾರುಬೇರಿನಲ್ಲಿ ಅವಳ ಕೈ ಎತ್ತಿದ ಕೈ. ಬಾಯಿಯೂ ಕಡಿಮೆಯದಲ್ಲ. ಅವನು ಬಾಗಿಲಲ್ಲೇ ನಿಂತು ಕೂಗಿದ.

"ಅಜ್ಜಿ, ನೀನು ಹೋಗಿ ಮಗಳಿಗೆ ಮದ್ದು ಕೊಡು. ಉಳಿದದ್ದು ನಾನು ನೋಡ್ಕೋತೀನಿ."

"ಗಡಾರಿ ಹಿಡ್ಕೊಂಡು ಏನಪ್ಪಾ ನೋಡ್ಕೊಳ್ಳೋದು?"

"ಆ ಬಣ್ಣದೋನ ಬಾನಿಗಳನ್ನ ಒಡೆದು ಹಾಕ್ತೀನಿ. ಊರು ಬಿಡಿಸ್ತೀನಿ."

"ಒಡಿ, ಬೇಡ ಅಂದವರು ಯಾರು? ಬಾನೀಲೇ ವಿಷ ಇದೆ ಅಂತ ತೋರಿಸು, ನಿನಗಿಂತ ಮುಂದೆ ನಾನು ನಡೀತೀನಿ. ಅಲ್ಲಿ ಇಲ್ದೇ ಹೋದ್ರೆ? ನೀನು ಬಾನಿ ಒಡೆದು ಬಂದು ನಿರಾಳವಾಗಿ ಮಲಗ್ತೀಯ. ವಿಷ ನಿನ್ನ ಮಗಳ ಪಕ್ಕದಲ್ಲೇ ಕೂತಿರುತ್ತೆ."

ಮೀನುಗಾರನ ಕೋಪ ಇಳಿಯಲಿಲ್ಲ. ಆದರೆ ಕೊನೆಯ ಮಾತು ಎದೆಗೆ ನಾಟಿತು. ಗಡಾರಿಯನ್ನು ಗೋಡೆಗೆ ಒರಗಿಸಿದ. ಏನು ಮಾಡಬೇಕು ಎಂದು ಕೇಳಿದ.

ಮನೆ ಮನೆಗೆ ಹೋಗು ಎಂದಳು ಅಜ್ಜಿ. ಯಾರಿಗೆ ಕಾಯಿಲೆ, ಯಾರಿಗಿಲ್ಲ, ಎಲ್ಲಿಯ ನೀರು ಕುಡಿಯುತ್ತಾರೆ, ಏನು ಉಣ್ಣುತ್ತಾರೆ, ಕೇಳಿಕೊಂಡು ಬಾ. ಅವನಿಗೆ ಓದುಬರಹ ಬಾರದು. ಬಲೆ ನೇಯುವವನಿಗೆ ಗಂಟು ಹಾಕಲಂತೂ ಬರುತ್ತಿತ್ತು. ಉದ್ದನೆಯ ಹುರಿಯೊಂದನ್ನು ತೆಗೆದುಕೊಂಡು ಬಣ್ಣಗಾರನ ಮನೆಯಿಂದ ಹಿಡಿದು ಹಳ್ಳದ ಗುಂಟ, ಕೆರೆಯ ಗುಂಟ ನಡೆದ. ಮನೆಗೊಂದು ಗಂಟು ಹಾಕಿದ. ಕಾಯಿಲೆ ಇದ್ದ ಮನೆಯ ಗಂಟಿಗೆ ಒಂದು ಎಳೆ ಕೆಂಪು ನೂಲು ಸುತ್ತಿದ. ಕೆಂಪು ನೂಲಿಗೇನು ಬರ, ಬಣ್ಣಗಾರನ ಬೇಲಿಯಲ್ಲೇ ಬೇಕಾದಷ್ಟು ಸಿಕ್ಕಿಕೊಂಡಿತ್ತು.

ಮೊದಲ ಗಂಟು ಬಣ್ಣಗಾರನದೇ. ಅವನ ಮಕ್ಕಳು ಮೊಣಕಾಲುದ್ದ ಕೆಂಪು ನೀರಿನಲ್ಲಿ ಆಡುತ್ತಿದ್ದವು. ಅಂಗಾಲು ಕೆಂಪು, ಅಂಗೈ ಕೆಂಪು, ಕೆನ್ನೆಯಲ್ಲಿ ಕಳೆ. ಮೀನುಗಾರನಿಗೆ ಹೊಟ್ಟೆಯುರಿಯಿತು. ನೂಲು ಸುತ್ತದೆ ಮುಂದೆ ಹೋದ. ಹಳ್ಳದ ಬದಿಯ ರೈತರ ಮನೆಗಳಲ್ಲೂ ಕಾಯಿಲೆಯಿಲ್ಲ. ಅವರೂ ಅದೇ ನೀರು ಕುಡಿಯುವವರು. ಕುಂಬಾರನ ಮನೆ, ಗಾಣಿಗನ ಮನೆ, ಎಲ್ಲೂ ಇಲ್ಲ. ಕೊನೆಗೆ ತನ್ನ ಕೇರಿಗೆ ಬಂದ. ಸುತ್ತಿದ, ಸುತ್ತಿದ, ತಂದಿದ್ದ ನೂಲೆಲ್ಲ ಅಲ್ಲೇ ಖರ್ಚಾಯಿತು.

ಅಜ್ಜಿ ಹುರಿಯನ್ನು ಅಂಗಳದಲ್ಲಿ ಹಾಸಿ ನೋಡಿದಳು. ಮುಕ್ಕಾಲು ಹುರಿ ಬರಿದು, ತುದಿ ಮಾತ್ರ ಕೆಂಪು.

"ಹಾಗಾದರೆ ಮೀನು," ಎಂದ ಮೀನುಗಾರ. "ಮೀನೊಳಗೆ ಬಣ್ಣ ಸೇರಿದೆ, ನಾವು ತಿಂತೀವಿ."

"ನಿನ್ನ ಮೀನು ರೈತರೂ ತಿಂತಾರಲ್ಲಪ್ಪ. ಇರಲಿ, ಇದೇನು? ನಿಮ್ಮ ಕೇರಿಯ ನಡುವೆ ಈ ಒಂದು ಗಂಟಿಗೆ ನೂಲಿಲ್ಲ."

ಅದು ಕೇರಿಯ ಒಬ್ಬ ಮುದುಕನ ಮನೆ. ಯಾರೊಂದಿಗೂ ಹೊಂದದ ಮನುಷ್ಯ. ಹೊಸದೆಂದರೆ ಮೈಗೆ ಆಗದು. ಎಲ್ಲರೂ ಹೌದೆಂದರೆ ಅವನು ಅಲ್ಲ ಎನ್ನುವವನು. ಅವನ ಸುದ್ದಿ ಬಿಡು ಅಜ್ಜಿ ಎಂದ ಮೀನುಗಾರ. ಅಜ್ಜಿ ಬಿಡಲಿಲ್ಲ. ಆ ಗಂಟನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ, ಇವತ್ತು ಸತ್ತ ಬಾತುಕೋಳಿ ಇದ್ದರೆ ತಾ ಎಂದಳು.

ಇತ್ತು. ದಿನಾ ಇರುತ್ತಿತ್ತು. ಮೀನು ಸೀಳಿ ಪಳಗಿದ ಕೈ ಅವನದು, ಕ್ಷಣದಲ್ಲಿ ಸೀಳಿದ. ಬಾತುಕೋಳಿಗೆ ಹಲ್ಲಿಲ್ಲ. ಕೆರೆಯ ತಳದ ಸಣ್ಣ ಹರಳು ನುಂಗಿ, ಹೊಟ್ಟೆಯ ಗಟ್ಟಿ ಚೀಲದಲ್ಲಿ ಇಟ್ಟುಕೊಂಡು, ಅದರಿಂದಲೇ ಕಾಳು ಅರೆದುಕೊಳ್ಳುತ್ತದೆ. ಅಜ್ಜಿ ಆ ಚೀಲವನ್ನು ಬಿಡಿಸಿ ಎಲೆಯ ಮೇಲೆ ಸುರಿದಳು. ಕೆಂಪಿನ ಸುಳಿವೇ ಇರಲಿಲ್ಲ. ಮರಳಿತ್ತು, ಹರಳಿತ್ತು, ಹರಳಿನ ನಡುವೆ ಬೂದುಬಣ್ಣದ ನಾಲ್ಕು ಗುಂಡುಗಳಿದ್ದವು. ಮೂರು ಸವೆದು ತೆಳ್ಳಗಾಗಿದ್ದವು. ಒಂದು ಇನ್ನೂ ಹೊಸದು. ಅದರ ಮೇಲೆ ಹಲ್ಲಿನ ಗುರುತಿತ್ತು. ಸಣ್ಣ ಹಲ್ಲು.

ಮೀನುಗಾರ ಅದನ್ನು ಎತ್ತಿ ನೋಡಿದ, ತಮ್ಮ ಬಲೆಗೆ ಕಟ್ಟುವ ಗುಂಡು.

ಬಲೆ ಮುಳುಗಬೇಕಾದರೆ ಅಂಚಿಗೆ ಭಾರ ಕಟ್ಟಬೇಕು. ಮೊದಲೆಲ್ಲ ಕುಂಬಾರ ಸುಟ್ಟುಕೊಟ್ಟ ಮಣ್ಣಿನ ಗುಂಡು ಕಟ್ಟುತ್ತಿದ್ದರು. ಎರಡು ವರ್ಷದ ಹಿಂದೆ ಸಂತೆಗೆ ಒಬ್ಬ ವ್ಯಾಪಾರಿ ಸೀಸ ತಂದ. ಒಡೆಯದು, ತುಕ್ಕು ಹಿಡಿಯದು, ಬೇಕಾದ ಹಾಗೆ ಬಗ್ಗುತ್ತದೆ. ಕೇರಿಯವರೆಲ್ಲ ಮುಗಿಬಿದ್ದು ಕೊಂಡರು. ಕರಗಿಸಿ, ಸೀಳಿರುವ ಗುಂಡು ಎರೆದು, ಸೀಳಿನಲ್ಲಿ ಹುರಿ ಇಟ್ಟು, ಹಲ್ಲಿನಿಂದ ಕಚ್ಚಿ ಮುಚ್ಚುವುದು. ಸಡಿಲವಾದದ್ದು ಕೆರೆಗೆ ಉದುರುವುದು. ಕಚ್ಚುವುದರಲ್ಲಿ ಅವನ ಮಗಳಷ್ಟು ಚುರುಕು ಯಾರೂ ಇರಲಿಲ್ಲ. ಅದನ್ನೂ ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಆ ಮುದುಕ ಮಾತ್ರ ಸೀಸ ಮುಟ್ಟಿರಲಿಲ್ಲ. ಇವತ್ತಿಗೂ ಮಣ್ಣಿನ ಗುಂಡೇ.

ಅಜ್ಜಿ ಒಂದೇ ಮಾತು ಕೇಳಿದಳು.

"ಇದನ್ನ ಕರಗಿಸೋದು ಯಾತರಲ್ಲಿ?"

"ಒಗ್ಗರಣೆ ಸೌಟಲ್ಲಿ," ಎಂದ ಮೀನುಗಾರ. ಹಿಡಿಕೆ ಉದ್ದ, ಕಬ್ಬಿಣ ಗಟ್ಟಿ, ಒಲೆಯ ಮೇಲೆ ಹಿಡಿಯಲು ಅದಕ್ಕಿಂತ ಅನುಕೂಲದ್ದು ಮನೆಯಲ್ಲಿ ಬೇರೊಂದಿಲ್ಲ. ಕೇರಿಯ ಎಲ್ಲ ಮನೆಗಳಲ್ಲೂ ಹಾಗೆಯೇ. ಸೀಸ ಎರೆದಾದ ಮೇಲೆ ಬಟ್ಟೆಯಿಂದ ಒರೆಸಿ ಗೋಡೆಯ ಗೂಡಿನಲ್ಲಿ ಸಿಕ್ಕಿಸುವುದು, ಸಂಜೆ ಅದರಲ್ಲೇ ಸಾರಿಗೆ ಒಗ್ಗರಣೆ. ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಮಗಳಿಗೆ ಕೈಯಾರೆ ವಿಷವಿಕ್ಕಿದೆನಲ್ಲ ಎಂದು ತಲೆ ಚಚ್ಚಿಕೊಂಡ.

ಅಜ್ಜಿ ಅವನನ್ನು ಸಮಾಧಾನ ಮಾಡುತ್ತ ಕೂರಲಿಲ್ಲ. ಇದೂ ಊಹೆಯೇ, ನೋಡಿ ನಂಬೋಣ ಎಂದಳು. ಕೇರಿಯಲ್ಲಿ ಎಲ್ಲರೂ ಸೀಸ ಬಿಡಲಿ, ಸೌಟು ಹೂಳಲಿ, ಒಲೆಯ ಬೂದಿ ತೆಗೆದು ಮನೆ ಸಾರಿಸಲಿ. ಬಣ್ಣಗಾರ ಮಾತ್ರ ತನ್ನ ಕೆಲಸ ಮಾಡಿಕೊಂಡೇ ಇರಲಿ. ಕೆಂಪು ನೀರು ಹರಿಯುತ್ತಿರುವಾಗಲೇ ಕಾಯಿಲೆ ಇಳಿದರೆ ಆಗ ಒಪ್ಪೋಣ.

ಕೇರಿಯವರು ಮೊದಲು ನಕ್ಕರು. ಕೆಲವರು ಬೈದರು. ಮೀನುಗಾರ ಎಲ್ಲರ ಮುಂದೆ ಹುರಿ ಹಾಸಿದ, ಆ ಗುಂಡು ಇಟ್ಟ, ಮಗಳ ಕೈ ತೋರಿಸಿದ. ಆಮೇಲೆ ಯಾರೂ ನಗಲಿಲ್ಲ. ಕುಂಬಾರನ ಆವಿಗೆಯಲ್ಲಿ ಮತ್ತೆ ಮಣ್ಣಿನ ಗುಂಡು ಬೆಂದವು. ಬೇಸಿಗೆಯಲ್ಲಿ ಕೆರೆ ಇಳಿದಾಗ ಕೇರಿಗೆ ಕೇರಿಯೇ ಕುಕ್ಕೆ ಹಿಡಿದು ಕೆಸರು ಜಾಲಾಡಿ, ಉದುರಿದ ಸೀಸವನ್ನು ಆರಿಸಿ ತೆಗೆಯಿತು. ಇನ್ನು ಆ ಮುದುಕನೋ, ನಾನು ಆಗಲೇ ಹೇಳಿರಲಿಲ್ಲವೇ ಎಂದು ಕೆರೆಯ ಏರಿಯ ಮೇಲೆ ಓಡಾಡಿದ. ಅವನು ಏನೂ ಹೇಳಿರಲಿಲ್ಲ.

ಒಂದು ತಿಂಗಳಿಗೆ ಕೇರಿಯಲ್ಲಿ ಹೊಟ್ಟೆನೋವು ಕಡಿಮೆಯಾಯಿತು. ಮೀನುಗಾರನ ಮಗಳ ಕೈ ಮಾತ್ರ ಏಳಲಿಲ್ಲ. ಎರಡು ತಿಂಗಳು ಅವನು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ತಿಂಗಳು ಒಂದು ಮಧ್ಯಾಹ್ನ ಜಗಲಿಯಲ್ಲಿ ಹರಿದ ಬಲೆ ಹಾಸಿಕೊಂಡು ಕೂತಿದ್ದ. ಮಗಳು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. ಹುರಿ ಎತ್ತಿಕೊಂಡಳು. ಮಣಿಕಟ್ಟು ಎದ್ದಿತು. ಒಂದು ಗಂಟು ಹಾಕಿದಳು.

"ಅಪ್ಪಾ, ಸಡಿಲಾಯ್ತು," ಎಂದಳು.

"ಆಗಲಿ ಬಿಡವ್ವಾ," ಎಂದ ಅವನು. ಗಳಗಳನೆ ಅತ್ತ. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿಟ್ಟ ಹಾಗಾಯಿತು. ಅಂದು ಮನೆಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡರು. ಸಾರಿಗೆ ಒಗ್ಗರಣೆ ಇರಲಿಲ್ಲ, ಹೊಸ ಸೌಟು ಇನ್ನೂ ಬಂದಿರಲಿಲ್ಲ. ಆದರೂ ಅಂಥ ರುಚಿಯ ಸಾರನ್ನು ತಾನು ಉಂಡೇ ಇಲ್ಲ ಎಂದು ಅವನು ಹೇಳಿದ.

ಮರುದಿನ ಬಣ್ಣಗಾರನ ಮನೆಗೆ ಹೋದ. ಮೀನಿನ ಬುಟ್ಟಿ ಕೆಳಗಿಟ್ಟು, ಅವತ್ತು ನಿನ್ನ ಬಾನಿ ಒಡೆಯಲು ಹೊರಟಿದ್ದೆ ಎಂದ.

"ಗೊತ್ತಣ್ಣಾ," ಎಂದ ಬಣ್ಣಗಾರ. "ಮೂರು ತಿಂಗಳಿಂದ ಗಂಟುಮೂಟೆ ಕಟ್ಟಿಟ್ಟಿದ್ದೆ."

ಒಳಗೆ ಮೂಲೆಯಲ್ಲಿ ಗಂಟು ಇತ್ತು. ಮೀನುಗಾರ ತಾನೇ ಹೋಗಿ ಅದನ್ನು ಬಿಚ್ಚಿದ. ಕೆರೆಯಲ್ಲಿ ಆ ವರ್ಷ ಬಾತುಕೋಳಿಗಳು ಮರಿ ಮಾಡಿದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚನ್ನವೀರ ಕಾಗದವನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದ.

"ಆ ಮೀನುಗಾರನಿಗೆ ಎಷ್ಟು ಅವಮಾನವಾಯಿತೋ," ಎಂದ. "ಊರಿನ ಎದುರು ತಪ್ಪು ತನ್ನದೇ ಎಂದಾಯಿತಲ್ಲ."

"ಅವಮಾನವೂ ಆಯಿತು, ಅದಕ್ಕಿಂತ ಹೆಚ್ಚು ನೆಮ್ಮದಿಯಾಯಿತು," ಎಂದರು ಗುರುಗಳು. "ಬೇರೆಯವರ ತಪ್ಪಾಗಿದ್ದರೆ ಬಿಡಿಸಲು ಬಡಿದಾಡಬೇಕಿತ್ತು. ಅಷ್ಟರಲ್ಲಿ ಮಗಳು ಏನಾಗುತ್ತಿದ್ದಳೋ. ತನ್ನದಾದ್ದರಿಂದ ಅಂದೇ ಬಿಟ್ಟ, ಮಗಳು ಉಳಿದಳು."

"ನಮ್ಮ ಗೂಡಿನ ಹೊಗೆಯ ವಿಷಯ ಹಾಗಲ್ಲ, ಗುರುಗಳೇ."

"ಇರಬಹುದು. ಅದನ್ನೂ ಹುಡುಕೋಣ. ತಪ್ಪು ಅಲ್ಲೇ ಇದ್ದರೆ ಸಹಿ ಹಾಕಿ ನಿನಗಿಂತ ಮುಂದೆ ನಾನು ನಡೆಯುತ್ತೇನೆ," ಎಂದು ಗುರುಗಳು ಎದ್ದು, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಉಳಿದ ಎರಡು ಕರುಗಳನ್ನು ನೋಡುತ್ತ ಕೇಳಿದರು:

"ಹಳೆಯ ಕಾಲದ ಬಣ್ಣಕ್ಕೂ ಸೀಸ ಬೆರೆಸುತ್ತಿದ್ದರು. ಹೋದ ತಿಂಗಳು ನೀನು ಗೋದಲಿಗೆ ಬಳಿದ ಹಸಿರು ಬಣ್ಣದಲ್ಲಿ ಅರ್ಧ ಇಲ್ಲವಲ್ಲ ಚನ್ನವೀರ, ಅದನ್ನು ನೆಕ್ಕಿದವರು ಯಾರು?"